ಕುರ್ಚಿ ಮಿಸ್ಬಾಹನ ಹೊಸ ವ್ಯಾಪಾರ

ಯಾರದಾದರೂ ಅಭಿಪ್ರಾಯ ಕೇಳಬೇಕಾದಾಗ ಮಿಸ್ಬಾಹ್ ಮೊದಲು ಅವರಿಗೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ. ನಮ್ಮೂರು ಐನ್ ಲೌಜ್‌ಗೆ ಹೊಸದಾಗಿ ಬಂದವರು ಇದನ್ನು ಅಹಂಕಾರವೆಂದೋ ತಲೆಕೆಟ್ಟವನ ಲಕ್ಷಣವೆಂದೋ ತಿಳಿಯುತ್ತಿದ್ದರು. ಅದು ಅವನ ಸೌಜನ್ಯದ ಪರಾಕಾಷ್ಠೆ ಎಂಬುದು ನಮಗೆ ಮಾತ್ರ ಗೊತ್ತಿತ್ತು. ಎದುರಿಗಿರುವವನ ಮುಖ ಕಂಡರೆ ದಾಕ್ಷಿಣ್ಯ ಹುಟ್ಟುತ್ತದೆ, ದಾಕ್ಷಿಣ್ಯ ಹುಟ್ಟಿದಲ್ಲಿ ಸತ್ಯ ನಾಲಿಗೆ ಕಚ್ಚಿಕೊಳ್ಳುತ್ತದೆ ಎಂಬುದು ಅವನ ಸಿದ್ಧಾಂತ. ಆದ್ದರಿಂದ ತನ್ನ ಹಳೆಯ ಖಾಕಿ ಓವರ್‌ಕೋಟಿನ ಜೇಬಿಗೆ ಕೈಹಾಕಿ, ಹುರಿದ ಕಲ್ಲಂಗಡಿ ಬೀಜವನ್ನು ಒಂದು ಹಿಡಿ ತೆಗೆದು ನಮ್ಮ ಅಂಗೈಗೆ ಸುರಿದು, ಕೇಳಬೇಕಾದ್ದನ್ನು ಕೇಳಿ, ಗಿರಕ್ಕನೆ ತಿರುಗಿ, ಎದುರಿನ ಗುಡ್ಡದ ಆಲಿವ್ ಮರಗಳನ್ನು ದೃಷ್ಟಿಸುತ್ತ, "ನನ್ನ ಮುಖ ನೋಡ್ಬೇಡ, ಮಾತು ನೋಡಿ ಹೇಳು" ಎನ್ನುತ್ತಿದ್ದ. ನಾವು ಬೀಜ ಕಚ್ಚಿ ಸಿಪ್ಪೆ ಉಗುಳಿ ಗಂಟಲು ಸರಿಮಾಡಿಕೊಳ್ಳುವವರೆಗೂ ಆ ಬೆನ್ನು ಅಲುಗುತ್ತಿರಲಿಲ್ಲ.

ಮದುವೆಗೂ ಸಾವಿಗೂ ಡೇರೆ ಮತ್ತು ಕುರ್ಚಿಗಳನ್ನು ಬಾಡಿಗೆಗೆ ಕೊಡುವುದು ಅವನ ವೃತ್ತಿ. ಎರಡು ಕಂಕುಳಲ್ಲೂ ಮಡಚಿದ ಕುರ್ಚಿಗಳನ್ನು ಸಿಕ್ಕಿಸಿಕೊಂಡು ಆಯುಷ್ಯವೆಲ್ಲ ನಡೆದದ್ದರಿಂದ, ಬರಿಗೈಯಲ್ಲಿದ್ದಾಗಲೂ ಅವನ ತೋಳುಗಳು ಮೈಯಿಂದ ತುಸು ದೂರವೇ ನಿಲ್ಲುತ್ತಿದ್ದವು. ಯಾವ ಬಾಗಿಲಿಗೇ ಬರಲಿ, ಅಡ್ಡಡ್ಡವಾಗಿ ನುಸುಳುವನು. ಊರಿನಲ್ಲಿ ಹೆಬ್ಬಾಗಿಲುಗಳೇ ಹೆಚ್ಚಾಗಿದ್ದರೂ ಅವನ ಭುಜಗಳಿಗೆ ಆ ಸಂಗತಿಯನ್ನು ಯಾರೂ ತಿಳಿಸಿರಲಿಲ್ಲ. ಆಮೇಲೆ ಹೆದ್ದಾರಿಯ ಪಕ್ಕದಲ್ಲಿ ದೀಪಾಲಂಕಾರದ ಮದುವೆ ಹಾಲ್‌ಗಳು ಎದ್ದವು. ಅಲ್ಲಿ ಕುರ್ಚಿಗಳಿಗೂ ರೇಷ್ಮೆಯ ನಿಲುವಂಗಿ. ಮಿಸ್ಬಾಹನ ಕುರ್ಚಿಗಳು ಕೊಟ್ಟಿಗೆ ಸೇರಿದವು. ಅವನು ಕೆಲಸವಿಲ್ಲದೆ ಯೋಚಿಸತೊಡಗಿದ.

ಯೋಚಿಸಿ ಯೋಚಿಸಿ ಒಂದು ಬೆಳಗ್ಗೆ ನನ್ನ ಔಷಧಿ ಅಂಗಡಿಗೆ ಅಡ್ಡಡ್ಡ ನುಗ್ಗಿ, ಬೀಜ ಕೊಟ್ಟು, ತಿರುಗಿ ನಿಂತು ಹೇಳಿದ: "ಇಷ್ಟು ವರ್ಷ ಕುರ್ಚಿ ಬಾಡಿಗೆಗೆ ಕೊಟ್ಟೆ. ಕೂರೋರನ್ನ ಯಾಕೆ ಕೊಡಬಾರದು?"

ನಮ್ಮ ಸೀಮೆಯಲ್ಲಿ ಗಂಡು ಒಬ್ಬನೇ ಹೋಗಿ ಹೆಣ್ಣು ಕೇಳುವುದಿಲ್ಲ. ಅವನ ಹಿಂದೆ ಹಿರಿಯರ ದಂಡೊಂದು ಹೋಗಬೇಕು. ಅದಕ್ಕೆ ಜಾಹಾ ಎನ್ನುತ್ತೇವೆ. ಹೆಣ್ಣಿನ ಮನೆಯವರು ಕೊಟ್ಟ ಕಾಫಿ ಬಟ್ಟಲನ್ನು ದಂಡಿನ ಮುಖ್ಯಸ್ಥ ಕುಡಿಯದೆ ಮುಂದಿಟ್ಟು ಬಂದ ಕಾರ್ಯ ನಿವೇದಿಸುತ್ತಾನೆ. ಹೆಣ್ಣಿನ ತಂದೆ "ಕಾಫಿ ಕುಡೀರಿ" ಎಂದರೆ ಸಂಬಂಧ ಕುದುರಿತೆಂದು ಅರ್ಥ. ದೊಡ್ಡ ಕುಲದವನ ಜಾಹಾ ಬಂದರೆ ಬೀದಿಯಲ್ಲಿ ಕಾರು ನಿಲ್ಲಿಸಲು ಜಾಗವಿರುವುದಿಲ್ಲ. ಕುಲವೇ ಇಲ್ಲದವನು ಯಾರನ್ನು ಕರೆದೊಯ್ಯಬೇಕು? ಆ ಪ್ರಶ್ನೆ ಕುಲವಂತರಾದ ನಮಗೆ ಯಾವತ್ತೂ ಬಂದಿರಲಿಲ್ಲ. "ಕುರ್ಚಿ ಹಾಕೋನಿಗೆ ಖಾಲಿ ಕುರ್ಚಿ ಕಾಣ್ಸುತ್ತೆ ಕಣಯ್ಯ" ಎಂದ ಮಿಸ್ಬಾಹ್, ಗುಡ್ಡ ನೋಡುತ್ತ.

ಇದನ್ನು ಅವನು ಎಲ್ಲರಿಗಿಂತ ಮೊದಲು ಕೇಳಿದ್ದು ಹೆಂಡತಿ ಫಿದ್ದಾಳನ್ನು. ಆಕೆ ಎಣ್ಣೆಯ ಜಾಡಿಗೆ ಹಾಕಲು ಬದನೆಕಾಯಿಗೆ ಅಕ್ರೋಟು, ಮೆಣಸಿನಕಾಯಿ ತುಂಬುತ್ತಿದ್ದಳು.

"ತಿರುಗಿ ನಿಂತ್ಕೊಂಡು ಮಾತಾಡ್ಬೇಡ, ನಾನೇನು ಊರಿನವಳಾ? ಅಲ್ಲಾ, ನನ್ನ ಕೇಳೋಕೆ ಬಂದಾಗ ನಿನ್ನ ಹಿಂದೆ ಯಾರಿದ್ರು?"

"ಯಾರೂ ಇರ್ಲಿಲ್ಲ."

"ಆದ್ರೂ ನಮ್ಮಪ್ಪ ಕೊಡ್ಲಿಲ್ವಾ?"

"ಕೊಟ್ರು. ಅದಕ್ಕೆ ಮೊದಲು ಎರಡು ಸಲ ಬಾಗಿಲಲ್ಲೇ ನಿಲ್ಲಿಸಿ ಕಳಿಸಿದ್ರು. ಅದಕ್ಕೇ ಕೇಳ್ತಿದೀನಿ."

ಫಿದ್ದಾ ಬಹಳ ಹೊತ್ತು ಬದನೆಕಾಯಿ ತುಂಬಿದಳು. ಕೊನೆಗೆ, "ನನ್ನ ಅಭಿಪ್ರಾಯ ಆಮೇಲೆ ಹೇಳ್ತೀನಿ. ಮೊದಲು ಊರವರ ಕೈಲಿ ಉಗಿಸ್ಕೊಂಡು ಬಾ" ಎಂದಳು.

ಊರು ಆ ಕೆಲಸವನ್ನು ಮನಃಪೂರ್ವಕವಾಗಿ ಮಾಡಿತು. ಕ್ಷೌರಿಕ ಜೆರಿಯಸನ ಅಂಗಡಿಯಲ್ಲಂತೂ ಆ ವಾರ ನಗೆಯೋ ನಗೆ. "ಸೋದರಮಾವಂಗೆ ಏನು ರೇಟು? ಮೀಸೆ ಇರೋ ಮಾವ ಬೇಕಂದ್ರೆ ಬೇರೆ ಚಾರ್ಜಾ?" ಎಂದ ಜೆರಿಯಸ್, ಯಾರದೋ ಕೆನ್ನೆಗೆ ನೊರೆ ಹಚ್ಚುತ್ತ. ನೊರೆಯೊಳಗಿನಿಂದ ಇನ್ನೊಂದು ದನಿ: "ಅಳೋಕೂ ಜನ ಕೊಡ್ತೀಯೇನಪ್ಪ? ನನ್ನ ಸಾವಿಗೆ ಈಗ್ಲೇ ಹೇಳಿಟ್ಟಿರ್ತೀನಿ. ನನ್ನ ಮಕ್ಕಳನ್ನ ನಂಬೋ ಹಾಗಿಲ್ಲ." ಮಿಸ್ಬಾಹ್ ಗೋಡೆ ನೋಡುತ್ತ ಎಲ್ಲವನ್ನೂ ಗಂಭೀರವಾಗಿ ಕೇಳಿಸಿಕೊಂಡ. "ಮೀಸೆ ವಿಚಾರ ಯೋಚಿಸಬೇಕಾದ್ದೇ" ಎಂದ. ಅವನನ್ನು ಗೇಲಿ ಮಾಡುವುದರಲ್ಲಿದ್ದ ಕಷ್ಟ ಅದೇ. ಗೇಲಿಯನ್ನೂ ಅವನು ಸಲಹೆಯೆಂದು ಸ್ವೀಕರಿಸುತ್ತಿದ್ದ, ಎಸೆದವನಿಗೇ ಕೊನೆಗೆ ನಾಚಿಕೆಯಾಗುತ್ತಿತ್ತು.

ಮಸೀದಿಯ ಇಮಾಮರು ನಗಲಿಲ್ಲ. ಇಲ್ಲದ ನೆಂಟಸ್ತಿಕೆ ಹೇಳುವುದು ಪಾಪ ಎಂದರು. "ಹಾಗಾದ್ರೆ ಮಾವ ಅನ್ನೋದು ಬೇಡ. ನೆರೆಯವರು ಅಂತೀವಿ" ಎಂದ ಮಿಸ್ಬಾಹ್. "ನೆರೆ ಅಂದ್ರೆ ಎಷ್ಟು ದೂರದ ತನಕ ಸ್ವಾಮಿ?" ನಲವತ್ತು ಮನೆಯವರೆಗೆ ಎಂದು ಹಿರಿಯರು ಹೇಳುತ್ತಾರೆ ಎಂದರು ಇಮಾಮರು. ಮಿಸ್ಬಾಹನ ಬೆನ್ನೇ ಹಿಗ್ಗಿತು. "ಹಾಗಾದ್ರೆ ಊರಿಗೆ ಊರೇ ಆಯ್ತಲ್ಲ."

ಆದರೆ ಅಬು ತರ್ರಾದ್ ಆ ಹಿಗ್ಗನ್ನು ಇಳಿಸಿದರು. ನಮ್ಮ ಸೀಮೆಯ ದೊಡ್ಡ ದೊಡ್ಡ ಜಾಹಾಗಳಿಗೆಲ್ಲ ಮುಂದಾಳು ಅವರು. ಅವರು ಮುಂದಿಟ್ಟ ಬಟ್ಟಲು ಕುಡಿಯದೆ ಹಿಂದೆ ಬಂದದ್ದಿಲ್ಲ. ಮಿಸ್ಬಾಹ್ ಕೊಟ್ಟ ಬೀಜಕ್ಕೆ ಅವರು ಅಂಗೈಯನ್ನೇ ಒಡ್ಡಲಿಲ್ಲ. "ಕುರಿ ಮಾರಿದೋರನ್ನ ನೋಡಿದೀನಿ, ಹೊಲ ಮಾರಿದೋರನ್ನ ನೋಡಿದೀನಿ. ಹಿರಿತನ ಮಾರೋನನ್ನ ಇವತ್ತು ನೋಡ್ದೆ." ಮಿಸ್ಬಾಹ್ ಬೀಜವನ್ನು ಮತ್ತೆ ಜೇಬಿಗೆ ಸುರಿದುಕೊಂಡು, "ಒಳ್ಳೇ ಮಾತು ಹೇಳಿದ್ರಿ" ಎಂದು ಹೊರಟುಬಂದ.

ಅಲ್ಲಿಗೆ ಆ ಕಲ್ಪನೆ ಕೊಟ್ಟಿಗೆಯ ಕುರ್ಚಿಗಳ ಪಕ್ಕಕ್ಕೆ ಹೋಗಿ ಬೀಳುತ್ತಿತ್ತೇನೋ. ಆದರೆ ಜೆರಿಯಸನ ಅಂಗಡಿಯ ನಗೆ ಇದ್ರೀಸನ ಕಿವಿಗೂ ಬಿದ್ದಿತ್ತು. ಅಲ್ಯೂಮಿನಿಯಂ ಕಿಟಕಿ ಕೂರಿಸುವ ಇದ್ರೀಸ್ ಪಟ್ಟಣದ ಅನಾಥಾಲಯದಲ್ಲಿ ಬೆಳೆದವನು. ಅಲ್ಲಿಯವರು ಇಟ್ಟ ಮನೆತನದ ಹೆಸರು ಕೇಳಿದರೆ ಸಾಕು, ಅದು ಯಾವ ಮನೆತನದ್ದೂ ಅಲ್ಲವೆಂದು ನಮ್ಮವರಿಗೆ ತಿಳಿಯುತ್ತದೆ. ಪಕ್ಕದ ಊರಿನಲ್ಲಿ ಆಲಿವ್ ಗಾಣ ನಡೆಸುವ ಅಬು ಸನದನ ಮನೆಗೆ ಕಿಟಕಿ ಕೂರಿಸಲು ಹೋದಾಗ, ನೀರು ತಂದುಕೊಟ್ಟ ಮಗಳು ರುಬಾಳನ್ನು ಕಂಡು ಮನಸೋತಿದ್ದ; ಅವಳಿಗೂ ಒಪ್ಪಿಗೆಯಿತ್ತು. ಮಿಸ್ಬಾಹನ ಬಾಗಿಲಿಗೆ ಬಂದು ಅವನು ಕೇಳಿದ್ದು ಇಷ್ಟೇ: "ಚಿಕ್ಕಪ್ಪ, ಅಂಗಡಿ ಯಾವಾಗ ತೆಗೀತೀರ?"

ಹೀಗೆ ಮೊದಲ ದಂಡು ಹೊರಟಿತು. ನಕ್ಕವರನ್ನೇ ಮಿಸ್ಬಾಹ್ ಆರಿಸಿದ್ದ. ಜೆರಿಯಸ್ ಇದ್ದ, ವ್ಯಾನಿನ ಹಿಂದಿನ ಸೀಟಿನಲ್ಲಿ ನಾನಿದ್ದೆ, ಇನ್ನೂ ಕೆಲವರು. ಅಬು ಸನದನ ಪಡಸಾಲೆಯಲ್ಲಿ ಗೋಡೆಗೊರಗಿ ಕೂತೆವು. ಇದ್ರೀಸ್ ಬಾಗಿಲ ಬಳಿ ಕೂತು, ತಾನೇ ಕೂರಿಸಿದ ಕಿಟಕಿಗಳನ್ನು ನೋಡುತ್ತಿದ್ದ. ಕಾಫಿ ಬಂತು. ಮಿಸ್ಬಾಹ್ ಬಟ್ಟಲನ್ನು ಮುಂದಿಟ್ಟು ಬಾಯಿ ತೆರೆಯುವಷ್ಟರಲ್ಲಿ ಅಬು ಸನದನೇ ಕೇಳಿದ:

"ಐನ್ ಲೌಜ್‌ನಲ್ಲಿ ಯಾರೋ ಜನರನ್ನ ಬಾಡಿಗೆಗೆ ಕೊಡ್ತಾರಂತೆ. ಅದು ನೀವೇನಾ?"

ಜೆರಿಯಸನ ಕೈಯ ಜಪಮಣಿ ನಿಂತಿತು. ಒಂದು ಸುಳ್ಳು ಹೇಳಲು ಬೇಕಾದಷ್ಟು ಅವಕಾಶವಿತ್ತು. "ನಾನೇ" ಎಂದ ಮಿಸ್ಬಾಹ್. ಆಮೇಲೆ ಅಭ್ಯಾಸಬಲದಿಂದ ಅರ್ಧ ಎದ್ದು ತಿರುಗಹೊರಟ. ಜೆರಿಯಸ್ ಕೋಟಿನ ಚುಂಗು ಹಿಡಿದೆಳೆದು, "ಇಲ್ಲಿ ಬೆನ್ನು ತೋರಿಸಿದ್ರೆ ಹೆಣ್ಣು ಸಿಗಲ್ಲ, ಚಪ್ಪಲಿ ಸಿಗುತ್ತೆ" ಎಂದು ಪಿಸುಗುಟ್ಟಿದ. ಮಿಸ್ಬಾಹ್ ಕೂತು, ಕಣ್ಣನ್ನು ಬಟ್ಟಲಿನಲ್ಲಿ ನೆಟ್ಟು, "ಊರಲ್ಲಿ ಎಲ್ಲರನ್ನೂ ಕೇಳ್ದೆ. ಹೆಣ್ಣಿನ ತಂದೇನ ಕೇಳಿರ್ಲಿಲ್ಲ. ನೀವು ಹೇಳಿ, ಇದರಲ್ಲಿ ಏನು ತಪ್ಪಿದೆ?" ಎಂದ.

ಬೈಯಲು ಸಿದ್ಧನಾಗಿದ್ದ ಅಬು ಸನದ್ ತಬ್ಬಿಬ್ಬಾದ. ಮಿತಭಾಷಿಯಾದ ಅವನು ಅಂದು ಆಡಿದಷ್ಟು ಮಾತನ್ನು ಬೇರೆಂದೂ ಆಡಿರಲಾರ. "ಹುಡುಗ ಒಳ್ಳೆಯೋನು. ಕಿಟಕಿ ನೋಡಿದ್ರೇ ಗೊತ್ತಾಗುತ್ತೆ. ಆದ್ರೆ ನಾಳೆ ಇವರಿಬ್ಬರಿಗೂ ಜಗಳ ಆಗುತ್ತೆ. ಆಗದ ಮನೆ ಎಲ್ಲಿದೆ? ಆಗ ನಾನು ಯಾರನ್ನ ಕರೀಲಿ? ಜಾಹಾ ಅಂದ್ರೆ ಕಾಫಿ ಕುಡಿಯೋಕೆ ಬರೋರಲ್ಲ, ಜಗಳಕ್ಕೆ ಬರೋರು. ನಿಮ್ಮ ಬಾಡಿಗೆ ಸಂಜೆಗೆ ಮುಗಿದುಹೋಗುತ್ತಲ್ಲ."

"ಇದು ನನಗೆ ಹೊಳೆದಿರ್ಲಿಲ್ಲ" ಎಂದ ಮಿಸ್ಬಾಹ್. "ಉತ್ತರ ತಗೊಂಡು ಮತ್ತೆ ಬರ್ತೀನಿ. ಅಲ್ಲೀತನಕ ಇಲ್ಲ ಅನ್ನಬೇಡಿ." ಹಾಗೆಂದು ಎದ್ದುಬಿಟ್ಟ. ಮುಂದಿಟ್ಟ ಕಾಫಿಯನ್ನು ಕುಡಿಯದೆ ಏಳುವುದು ನಮ್ಮಲ್ಲಿ ಹೆಣ ಎತ್ತಿದಷ್ಟೇ ಭಾರವಾದ ಸಂಗತಿ. ಬಟ್ಟಲುಗಳು ಅಲ್ಲಲ್ಲೇ ಆರುತ್ತ ಉಳಿದವು.

ವ್ಯಾನಿನಲ್ಲಿ ಇದ್ರೀಸನೇ ಮೊದಲು ಮಾತಾಡಿದ. "'ನಾವಿದೀವಿ' ಅಂತ ಒಂದು ಮಾತು ಅಂದಿದ್ರೆ ಮುಗೀತಿತ್ತಲ್ಲ ಚಿಕ್ಕಪ್ಪ. ಒಂದೇ ಮಾತು."

"ಅನ್ನಬಹುದಿತ್ತು ಮಗಾ. ಆದ್ರೆ ಇವರನ್ನ ಕೇಳಿರ್ಲಿಲ್ಲವಲ್ಲ."

ನಾವೆಲ್ಲ ಕಿಟಕಿಯಾಚೆ ನೋಡಿದೆವು. ಇದ್ರೀಸ್ ಊರು ಬರುವ ಮೊದಲೇ ಇಳಿದು ನಡೆದುಹೋದ.

ಮಾರನೆಯ ದಿನ ಮಿಸ್ಬಾಹ್ ಇದ್ರೀಸ್ ಕೊಟ್ಟಿದ್ದ ಬಾಡಿಗೆಯನ್ನು ಹಿಂದಿರುಗಿಸಿ, ಮತ್ತೆ ಊರು ಸುತ್ತತೊಡಗಿದ. ಈ ಸಲದ ಪ್ರಶ್ನೆ ಬೇರೆಯಾಗಿತ್ತು. "ಒಂದು ದಿನಕ್ಕಲ್ಲ, ಬದುಕಿರೋತನಕ. ಬಾಡಿಗೆ ಇಲ್ಲ. ಜಗಳಕ್ಕೆ ಕರೆದ್ರೆ ಹೋಗ್ಬೇಕು. ಆಗುತ್ತಾ ನಿನ್ನ ಕೈಲಿ?" ತಮಾಷೆಗೆ ಒಪ್ಪಿದ್ದವರು ಈಗ ಬೀಜವನ್ನು ನಿಧಾನವಾಗಿ ಅಗಿದರು. ಹಲವರು ನೇರವಾಗಿ ಇಲ್ಲವೆಂದರು. ಇಲ್ಲ ಎಂದವರಿಗೂ ಅವನು ಉಪಕಾರ ಸ್ಮರಿಸಿಯೇ ಹೊರಡುತ್ತಿದ್ದ. ಜೆರಿಯಸ್, "ನನ್ನ ಹೆಂಡತಿ ಜೊತೆ ಜಗಳ ಬಗೆಹರಿಸೋಕೇ ನನಗೆ ಜನ ಬೇಕು" ಎಂದು ರೇಗಿ, ಆ ಸಂಜೆಯೇ ಅವನ ಮನೆಗೆ ಹೋಗಿ, "ಬರೆದ್ಕೋ ನನ್ನ ಹೆಸರು, ಹಾಳಾಗಿ ಹೋಗಲಿ" ಎಂದನಂತೆ. ನನ್ನನ್ನು ಕೇಳಿದಾಗ ನಾನು ಆ ಬೆನ್ನನ್ನೇ ನೋಡುತ್ತ ಕೂತೆ. ಕೋಟಿನ ಹೊಲಿಗೆ ಭುಜದ ಬಳಿ ಬಿಟ್ಟಿತ್ತು. ಆಗಲಿ ಎಂದೆ.

ಫಿದ್ದಾ ಕೊನೆಗೂ ತನ್ನ ಅಭಿಪ್ರಾಯ ಹೇಳಿದ್ದು ಆಗ. ಬಾಯಲ್ಲಿ ಹೇಳಲಿಲ್ಲ, ಎಣ್ಣೆಯಲ್ಲಿ ನೆನೆದ ಬದನೆಕಾಯಿಯ ಜಾಡಿಯೊಂದನ್ನು ಎತ್ತಿಕೊಂಡು ಬಸ್ಸು ಹತ್ತಿ, ಒಬ್ಬಳೇ ಅಬು ಸನದನ ಮನೆಯ ಹಿತ್ತಲ ಬಾಗಿಲಿಗೆ ಹೋದಳು. ರುಬಾಳ ತಾಯಿಯ ಎದುರು ಕೂತು ಆಕೆ ಅಂದದ್ದು ಆಮೇಲೆ ಊರೆಲ್ಲ ಪ್ರಚಾರವಾಯಿತು. "ಗಂಡಸರು ಜಗಳಕ್ಕೆ ಯಾರು ಬರ್ತಾರೆ ಅಂತ ಮಾತಾಡ್ಕೋತಿದಾರೆ. ನಿನ್ನ ಮಗಳಿಗೆ ಹೆರಿಗೆ ನೋವು ಬಂದಾಗ ಯಾರು ಬರ್ತಾರೆ ಅಂತ ಒಬ್ಬರಾದ್ರೂ ಕೇಳಿದ್ರಾ? ನಾನು ಬರ್ತೀನಿ ತಂಗಿ. ನಾನು ಬಾಣಂತನ ಮಾಡೋಕೆ ನನಗೂ ಬೇರೆ ಯಾರೂ ಇಲ್ಲ." ತಾಯಿ ಜಾಡಿಯನ್ನು ಒಳಗಿಟ್ಟುಕೊಂಡಳು.

ಆಲಿವ್ ಕೊಯ್ಲು ಮುಗಿದ ಮೇಲೆ ಎರಡನೆಯ ದಂಡು ಹೊರಟಿತು. ಒಂದು ವ್ಯಾನೂ ತುಂಬದಷ್ಟು ಜನ. ಹೊರಡುವ ಹೊತ್ತಿಗೆ ಅಬು ತರ್ರಾದ್ ತಮ್ಮ ಕಪ್ಪು ನಿಲುವಂಗಿಯಲ್ಲಿ ಬಂದು, ಯಾರ ಅಪ್ಪಣೆಯನ್ನೂ ಕೇಳದೆ ಮುಂದಿನ ಸೀಟಿನಲ್ಲಿ ಕೂತರು. "ದಾರೀಲಿ ಯಾರೂ ನನ್ನ ಮಾತಾಡಿಸಬೇಡಿ" ಎಂದರು. ಅಬು ಸನದನ ಪಡಸಾಲೆಯಲ್ಲಿ ವಾಡಿಕೆಯಂತೆ ಮೊದಲ ಬಟ್ಟಲು ಅವರ ಕೈಗೇ ಬಂತು. ಅವರು ಅದನ್ನು ಮಿಸ್ಬಾಹನ ಮುಂದೆ ಸರಿಸಿ, "ತಂದೋನು ಇವನು. ಇವನೇ ಮಾತಾಡ್ತಾನೆ" ಎಂದರು.

ಮಿಸ್ಬಾಹನಿಗೆ ಭಾಷಣ ಬಾರದು. "ಯಾರನ್ನ ಕರೀಲಿ ಅಂದ್ರಿ. ನನ್ನ ಕರೀರಿ. ನಾನು ಸತ್ತಿದ್ರೆ ಈ ಜೆರಿಯಸನ್ನ..."

"ನನಗಿಂತ ಮುಂಚೆ ನೀನ್ಯಾಕೆ ಸಾಯ್ತೀಯ?" ಎಂದ ಜೆರಿಯಸ್.

"...ಇವನೂ ಸತ್ತಿದ್ರೆ ಔಷಧಿ ಅಂಗಡಿಯವರನ್ನ." ಹೀಗೆ ಕೋಣೆಯಲ್ಲಿದ್ದ ಪ್ರತಿಯೊಬ್ಬನನ್ನೂ ಕೊಂದು ಅವನು ಮುಂದಿನವನ ಕಡೆ ಕೈ ತೋರಿಸಿದ. ಯಾರೂ ತಲೆ ತಪ್ಪಿಸಿಕೊಳ್ಳಲಿಲ್ಲ. ಇದ್ರೀಸ್ ತಲೆ ತಗ್ಗಿಸಿ ಕೂತಿದ್ದ. ಅಬು ಸನದ್ ಒಳಬಾಗಿಲ ಪರದೆಯತ್ತ ಒಮ್ಮೆ ನೋಡಿದ. ಅಲ್ಲಿಂದ ಬಳೆಯ ಸದ್ದೋ ಕೆಮ್ಮೋ ಏನೋ ಕೇಳಿಸಿತು. "ಆರಿ ಹೋಗುತ್ತೆ, ಕಾಫಿ ಕುಡೀರಿ" ಎಂದ.

ಮದುವೆ ರೇಷ್ಮೆ ಹೊದಿಸಿದ ಹಾಲ್‌ನಲ್ಲಿ ಆಗಲಿಲ್ಲ. ಮಿಸ್ಬಾಹನ ಕುರ್ಚಿಗಳ ಮೇಲೇ ಆಯಿತು. ಅಬು ಸನದ್ ಹೇಳಿದ್ದ ಜಗಳವೂ ಕಾಲಕ್ಕೆ ಸರಿಯಾಗಿ ಬಂತು. ಒಂದು ಮಧ್ಯಾಹ್ನ ಕರೆ ಬಂದಾಗ ಮಿಸ್ಬಾಹ್ ಊಟ ಬಿಟ್ಟು ಎದ್ದು ಹೋಗಿ, ಗಂಡಹೆಂಡಿರ ನಡುವೆ ಯಾರ ಮುಖವನ್ನೂ ನೋಡದಂತೆ ನಿಲ್ಲಲು ಜಾಗ ಹುಡುಕಿ ಹುಡುಕಿ ಸುತ್ತುವುದನ್ನು ಕಂಡು ರುಬಾಳಿಗೆ ನಗು ಬಂದುಬಿಟ್ಟಿತಂತೆ. ಹೆರಿಗೆಗೆ ಫಿದ್ದಾ ಹೋದಳು. ಆಮೇಲೆ ಬೇರೆ ಊರುಗಳಿಂದಲೂ ಹಿಂದುಮುಂದಿಲ್ಲದ ಹುಡುಗರು ಬಂದರು, ತಂದೆ ಕೈಬಿಟ್ಟ ಹುಡುಗಿಯೊಬ್ಬಳು ಬಂದಳು. ಅಬು ತರ್ರಾದರ ಮುಂದಿನ ಸೀಟು ಖಾಯಂ ಆಯಿತು, ಅವರನ್ನು ದಾರಿಯಲ್ಲಿ ಮಾತಾಡಿಸಬಾರದೆಂಬ ನಿಯಮವೂ ಖಾಯಂ ಆಯಿತು. ಶುಕ್ರವಾರ ಬಂತೆಂದರೆ ಮಿಸ್ಬಾಹನ ಮನೆಯಲ್ಲಿ ಕೂರಲು ಜಾಗವಿರುತ್ತಿರಲಿಲ್ಲ. ಫಿದ್ದಾ ಅನ್ನದ ಹರಿವಾಣ ತರುತ್ತ, ಇವನ ವ್ಯಾಪಾರ ನನ್ನ ಅಡಿಗೆಮನೆಯನ್ನು ಮುಳುಗಿಸಿತು ಎಂದು ಗೊಣಗುತ್ತಿದ್ದಳು, ಗೊಣಗುತ್ತ ಇನ್ನಷ್ಟು ಬಡಿಸುತ್ತಿದ್ದಳು.

"ವ್ಯಾಪಾರ ಹೇಗಿದೆ?" ಎಂದು ನಾನೊಮ್ಮೆ ಕೇಳಿದ್ದೆ.

"ಪೂರ್ತಿ ನಷ್ಟ" ಎಂದ. "ಮುಂದುವರಿಸಲಾ? ನೀನೇನಂತೀಯ?"

ಅಭಿಪ್ರಾಯ ಕೇಳುವವರಿಗೆ ಲೋಕದಲ್ಲಿ ಬರವಿಲ್ಲ. ನಮ್ಮಲ್ಲಿ ಬಹುಪಾಲು ಮಂದಿ ಕೇಳುವುದು ಅಭಿಪ್ರಾಯವನ್ನಲ್ಲ, ಒಪ್ಪಿಗೆಯನ್ನು. ಅದು ಸಿಕ್ಕದಿದ್ದರೆ ಕೇಳಿದ್ದನ್ನೇ ಮರೆತು, ಮೊದಲೇ ನಿಶ್ಚಯಿಸಿದ್ದನ್ನು ಮಾಡುತ್ತೇವೆ. ಅಪರೂಪಕ್ಕೆ ಕೆಲವರು ಹುಟ್ಟುತ್ತಾರೆ. ಅವರು ತಮ್ಮ ಮನಸ್ಸಿನಲ್ಲಿ ಮೂಡಿದ್ದನ್ನು ಹಸಿ ಹಿಟ್ಟಿನ ಮುದ್ದೆಯಂತೆ ಊರಿನ ಕೈಗೆ ಕೊಟ್ಟುಬಿಡುತ್ತಾರೆ. ಒಬ್ಬ ನಗುತ್ತ ನಾದುತ್ತಾನೆ, ಒಬ್ಬ ಸಿಟ್ಟಿನಿಂದ ಗುದ್ದುತ್ತಾನೆ, ಒಬ್ಬ ನೀರು ಹೆಚ್ಚಾಯಿತೆನ್ನುತ್ತಾನೆ. ಕೊಟ್ಟವನು ಪಕ್ಕದಲ್ಲಿ ನಿಂತು ಎಲ್ಲಕ್ಕೂ ಹೌದು ಹೌದೆಂದು ತಲೆಯಾಡಿಸುತ್ತಿರುತ್ತಾನೆ. ಇಂಥವರಿಗೆ ವ್ಯಾಪಾರ ಕೈಹತ್ತುವುದಿಲ್ಲ. ಅವರನ್ನು ನಂಬಿ ಯಾರೂ ಹಣ ಹೂಡಬಾರದು. ಆದರೆ ಅವರ ಪ್ರಶ್ನೆಗೆ ಒಮ್ಮೆ ನಿಜವಾಗಿ ಉತ್ತರ ಕೊಟ್ಟವನು ಆಮೇಲೆ ಸುಮ್ಮನೆ ಹೊರಗೆ ನಿಂತು ನೋಡಲಾರ. ಹೇಳಿದ ಮಾತಿನ ಭಾರ ಹೊರಲು ಅವನ ಕಾಲುಗಳು ತಾವಾಗಿಯೇ ಅವರ ಹಿಂದೆ ನಡೆಯುತ್ತವೆ.