ಸ್ಟೂಲು ತೆಗೆದ ನಿಯಮಕ್ಕೊಂದು ಪದ

ನಮ್ಮ ಸೂಪರ್‌ವೈಸರ್ ಕೂರುವ ಜಾಗದ ಹಿಂದೆ ಗಾಜು ಹಾಕಿಸಿದ ಒಂದು ಪತ್ರ ತೂಗುತ್ತಿದೆ. ಅದು ಅಲ್ಲಿಗೆ ಬಂದದ್ದು ನಮ್ಮದೇ ತಪ್ಪಿನಿಂದ. ಹೋದ ವರ್ಷ ಮುಖ್ಯ ಕಚೇರಿಯಿಂದ ಒಂದು ಫಾರಂ ಬಂದಿತ್ತು. ನಿಮ್ಮ ಮೇಲಿನವರು ನಿಮ್ಮನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂಬ ಪ್ರಶ್ನೆ, ಕೆಳಗೆ ಸಾಲಾಗಿ ಇಂಗ್ಲಿಷ್ ಪದಗಳು, ಪಕ್ಕದಲ್ಲಿ ಚೌಕಗಳು. ನಮಗೆ ಗೊತ್ತಿದ್ದದ್ದು ಸ್ಟ್ರಿಕ್ಟ್ ಒಂದೇ. ಗಾರ್ಮೆಂಟ್ ಕಾರ್ಖಾನೆಯ ಇಸ್ತ್ರಿ ವಿಭಾಗದ ಹದಿನೆಂಟೂ ಜನ ಹಲ್ಲು ಕಚ್ಚಿಕೊಂಡು ಅದಕ್ಕೇ ಗುರುತು ಹಾಕಿದೆವು. ತಿಂಗಳೊಳಗೆ ಅವರಿಗೆ ಶಿಸ್ತಿಗಾಗಿ ಮೆಚ್ಚುಗೆಯ ಪತ್ರ ಬಂತು.

"ಬೈಯೋಕೆ ಹೋಗಿ ಹಾರ ಹಾಕಿ ಬಂದ್ವಲ್ಲೇ!" ಎಂದು ಅಂಗಿಗೆ ಗುಂಡಿ ಹಾಕುವ ನಮ್ಮ ಬಟನ್ ಅಕ್ಕ ಹಣೆ ಚಚ್ಚಿಕೊಂಡಿದ್ದಳು.

ಈ ಸಲ ಫಾರಂ ಬರುವ ಹೊತ್ತಿಗೆ ಯಾರಿಗೂ ನಗು ಬರುತ್ತಿರಲಿಲ್ಲ. ಕೂತರೆ ಕೈ ನಿಧಾನವಾಗುತ್ತದೆ ಎಂದು ಸೂಪರ್‌ವೈಸರ್ ಸ್ಟೂಲುಗಳನ್ನೆಲ್ಲ ಸ್ಟೋರಿಗೆ ಹಾಕಿಸಿ ಬೀಗ ಜಡಿದು ಮೂರು ವಾರವಾಗಿತ್ತು. ನಾನು ಇಸ್ತ್ರಿ ಮಾಡುವವಳು, ನಿಂತೇ ಅಭ್ಯಾಸ. ಪಕ್ಕದ ಮೇಜಿನಲ್ಲಿ ಅಂಗಿಗಳಿಂದ ಉಳಿದ ದಾರ ಕತ್ತರಿಸುವ ದೊಡ್ಡಮ್ಮನಿಗೆ ಅರವತ್ತರ ಹತ್ತಿರ ವಯಸ್ಸು. ನನಗೆ ಸಂಬಂಧವೇನಿಲ್ಲ, ಅವರು ಎಲ್ಲರಿಗೂ ದೊಡ್ಡಮ್ಮ. ಮಧ್ಯಾಹ್ನದೊಳಗೆ ಅವರ ಪಾದ ಊದಿಕೊಂಡು ಚಪ್ಪಲಿಯ ಪಟ್ಟಿ ಕಾಣದಂತೆ ಹೂತುಹೋಗುತ್ತಿತ್ತು. ಮನೆಯಲ್ಲಿ ದುಡಿಯುವ ಕೈ ಅವರದೊಂದೇ.

"ಶನಿವಾರದವರೆಗೆ ನೋಡ್ತೀನಿ ಮಗಾ," ಎಂದರು. "ಆಮೇಲೆ ಆಗಲ್ಲ. ಬಿಟ್ಟುಬಿಡ್ತೀನಿ."

ಫಾರಂ ಮನೆಗೆ ತಂದೆ. ಅತ್ತಿಗೆ ವಕೀಲರೊಬ್ಬರ ಕಚೇರಿಯಲ್ಲಿ ಟೈಪಿಸ್ಟ್. ಒಗೆದ ಬಟ್ಟೆ ಮಡಚುತ್ತಾ ಒಂದೊಂದೇ ಪದ ಬಿಡಿಸಿ ಹೇಳಿದರು.

"ಸ್ಟ್ರಿಕ್ಟ್ ಅಂದ್ರೆ ಕಟ್ಟುನಿಟ್ಟು, ಅದು ಬೈಗುಳ ಅಲ್ಲ. ಹಾರ್ಶ್ ಅಂದ್ರೆ ಒರಟು. ಸಿವಿಯರ್ ಅದಕ್ಕಿಂತ ಒಂದು ಕೈ ಮೇಲೆ. ಬ್ರೂಟಲ್ ಅಂದ್ರೆ ಮೃಗದ ಥರ."

"ಇಸ್ತ್ರಿಪೆಟ್ಟಿಗೆ ಬಿಸಿ ಏರಿಸಿದ ಹಾಗೆ ಅಲ್ವಾ ಅತ್ತಿಗೆ? ಮೊದಲನೇದಕ್ಕೆ ಸುಕ್ಕು ಹೋಗತ್ತೆ. ಎರಡನೇದಕ್ಕೆ ಬಟ್ಟೆ ಬಿರುಸಾಗತ್ತೆ. ಮೂರನೇದಕ್ಕೆ ಹಳದಿ ಕಲೆ. ಕೊನೇದಕ್ಕೆ ತೂತು."

"ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನನಗೇ ಪಾಠ ಮಾಡ್ತೀಯಲ್ಲೇ!"

ಬಟನ್ ಅಕ್ಕನಾಗಿದ್ದರೆ ತೂತಿಗೇ ಗುರುತು ಹಾಕುತ್ತಿದ್ದಳು. ನನಗೆ ಮನಸ್ಸು ಒಪ್ಪಲಿಲ್ಲ. ಸೂಪರ್‌ವೈಸರ್ ಯಾರ ಮೇಲೂ ಕೈ ಎತ್ತಿದವರಲ್ಲ. ನನ್ನ ಮಣಿಕಟ್ಟು ಸುಟ್ಟಾಗ ಮುಲಾಮು ತರಲು ಓಡಿದವರು ಅವರೇ. ಒಂದು ಸುಳ್ಳು ಸಿಕ್ಕಿಬಿದ್ದರೆ ದೊಡ್ಡಮ್ಮನ ಕಾಲನ್ನೂ ಯಾರೂ ನಂಬುವುದಿಲ್ಲ.

"ಮನುಷ್ಯನಿಗೆ ಬೇಡ ಅತ್ತಿಗೆ. ಅವರು ಮಾಡಿದ ನಿಯಮಕ್ಕೆ ಹೇಳೋ ಪದ ಇದೆಯಾ?"

ಅತ್ತಿಗೆ ಮಡಚುವುದನ್ನು ನಿಲ್ಲಿಸಿದರು. "ಇದೆ. ನಮ್ಮ ವಕೀಲ್ರು ವಾರಕ್ಕೆರಡು ಸಲ ಟೈಪ್ ಮಾಡಿಸ್ತಾರೆ. ಡ್ರೇಕೋನಿಯನ್. ಸಣ್ಣ ತಪ್ಪಿಗೂ ದೊಡ್ಡ ಶಿಕ್ಷೆ ಕೊಡೋ ಕಾನೂನಿಗೆ ಹಾಗಂತಾರೆ."

"ಕೆಮ್ಮಿನ ಔಷಧಿ ಹೆಸರಿದ್ದ ಹಾಗಿದೆ," ಎಂದೆ. ಆದರೂ ಹಳೆಯ ಪೇಪರಿನ ಅಂಚಿನಲ್ಲಿ ಆರು ಸಲ ಬರೆದು ಕಲಿತೆ. ಯಾವ ಚೌಕಕ್ಕೂ ಗುರುತು ಹಾಕಲಿಲ್ಲ. ಕೆಳಗಿನ ಖಾಲಿ ಗೆರೆಯ ಮೇಲೆ 'ಸ್ಟೂಲು ತೆಗೆದ ನಿಯಮ' ಎಂದು ಬರೆದು, ಮುಂದೆ ಆ ಇಂಗ್ಲಿಷ್ ಪದ ಇಟ್ಟೆ. ಹೆಸರು ಬರೆಯುವಂತಿರಲಿಲ್ಲ. ಅದೊಂದು ಧೈರ್ಯ.

ಶುಕ್ರವಾರ ಮುಖ್ಯ ಕಚೇರಿಯಿಂದ ಮೇಡಂ ಬಂದರು. ಸೂಪರ್‌ವೈಸರ್ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಫಾರಂಗಳನ್ನು ತಿರುವುತ್ತಾ ಒಂದರ ಮೇಲೆ ಕಣ್ಣು ನಿಲ್ಲಿಸಿದರು.

"ಇದನ್ನ ಬರೆದವರು ಯಾರು? ಹೇಳಲೇಬೇಕು ಅಂತೇನಿಲ್ಲ. ಏನಾಗಿದೆ ಅಂತ ತಿಳೀಬೇಕಿತ್ತು."

ನಾನು ನೆಲ ನೋಡಿದೆ. ಅಲ್ಲಿ ದೊಡ್ಡಮ್ಮ ಒಂದು ಕಾಲೆತ್ತಿ ಇನ್ನೊಂದರ ಮೇಲಿಟ್ಟು ನಿಂತಿದ್ದರು. ನನ್ನ ಕೈ ಮೇಲೆ ಹೋಯಿತು.

"ಈ ಪದದ ಅರ್ಥ ಗೊತ್ತಾ?"

"ಗೊತ್ತು ಮೇಡಂ. ಕೈ ನಿಧಾನ ಆಯ್ತು ಅಂತ ಕಾಲಿಗೆ ಶಿಕ್ಷೆ ಕೊಡೋದು."

ಹಿಂದೆ ಯಾರೋ ಕಿಸಕ್ಕೆಂದರು. ಸೂಪರ್‌ವೈಸರ್ ಮುಖ ಕೆಂಪಾಯಿತು. "ನನ್ನ ಮೇಲೆ ದೂರು ಬರೆದಿದ್ದೀಯಾ?"

"ನಿಮ್ಮ ಮೇಲಲ್ಲ ಸರ್. ನಿಯಮದ ಮೇಲೆ. ಒಂದು ಚೌಕಕ್ಕೂ ಗುರುತು ಹಾಕಿಲ್ಲ, ನೋಡಿ." ಆ ಕೋಣೆಯಲ್ಲಿ ನಾನು ಅಷ್ಟು ಮಾತಾಡಿದ್ದು ಅದೇ ಮೊದಲು.

ಮೇಡಂ ಎದ್ದು ತಮ್ಮ ಕುರ್ಚಿಯನ್ನೇ ದೊಡ್ಡಮ್ಮನ ಮುಂದೆ ಎಳೆದರು. "ಕೂತು ಕತ್ತರಿಸಿ, ನೋಡೋಣ."

ದೊಡ್ಡಮ್ಮ ಸೂಪರ್‌ವೈಸರ್ ಮುಖ ನೋಡಿ, ಅನುಮಾನಿಸುತ್ತಲೇ ಕೂತರು. ಒಂದು ಅಂಗಿ, ಎರಡು, ಐದು. ಕಾಲರು, ತೋಳು, ಗುಂಡಿಪಟ್ಟಿ. ಕೈ ಎಲ್ಲೂ ತಡೆಯಲಿಲ್ಲ. ಸೂಪರ್‌ವೈಸರ್ ಮೊದಲು ಅವರ ಕೈ ನೋಡಿದರು, ಆಮೇಲೆ ಪಾದ. ಬಹಳ ಹೊತ್ತು ಪಾದವನ್ನೇ ನೋಡಿದರು. ಆಮೇಲೆ ಹೋಗಿ ಸ್ಟೋರಿನ ಬೀಗ ತೆಗೆದರು.

ನೆಟ್ಟಗಿದ್ದ ಸ್ಟೂಲುಗಳು ಐದೇ. "ಉಳಿದದ್ದು ರಿಪೇರಿ ಮಾಡಿಸಿ ಕೊಡ್ತೀನಿ," ಎಂದು ಗೊಣಗಿ ನನ್ನ ಕಡೆ ತಿರುಗಿದರು. "ಆ ಪದ ಇನ್ನೊಂದ್ಸಲ ಹೇಳಮ್ಮ."

ಹೇಳಿದೆ. ಅವರು ಪ್ರಯತ್ನಿಸಿದರು. "ಡ್ರಾ... ಡ್ರೇಕೋ..."

"ಬಿಡಿ ಸರ್," ಎಂದಳು ಬಟನ್ ಅಕ್ಕ, "ನಾಲಿಗೆ ಉಳುಕಿದರೆ ನಮ್ಮನ್ನ ಬೈಯೋರು ಯಾರು?"

ಅವರೂ ನಕ್ಕರು, ಸ್ವಲ್ಪ. ದೊಡ್ಡಮ್ಮ ಮಾತ್ರ ನಗಲಿಲ್ಲ. ಕುರ್ಚಿ ಬಿಟ್ಟು ಸ್ಟೂಲಿಗೆ ಬದಲಾಗಿ, ಕತ್ತರಿಯನ್ನು ಬೆಳಕಿಗೆ ಹಿಡಿದು ನೋಡಿದರು.

"ಸರ್, ಸೋಮವಾರದೊಳಗೆ ಇದಕ್ಕೊಂದು ಸಾಣೆ ಹಿಡಿಸಿಕೊಡಿ. ಮೊಂಡಾಗಿದೆ."