ಕೊಸರು ಹಾಕಿದ ತೂಕ

ನನ್ನ ಬದುಕಿನ ಘಟನೆಗಳನ್ನು ಮೊದಲು ಕ್ರಮವಾಗಿ ಹೇಳಿಬಿಡುತ್ತೇನೆ. ನಾನು ತಯಾರಾದದ್ದು ಎರಡು ಸಾವಿರದ ಆರನೆಯ ಇಸವಿಯ ಮಾರ್ಚ್ ತಿಂಗಳಲ್ಲಿ. ಅದೇ ಜೂನ್‌ನಲ್ಲಿ ರೋಣ ತಾಲ್ಲೂಕಿನ ಒಂದು ಅಂಗನವಾಡಿಗೆ ಬಂದೆ. ಹನ್ನೆರಡು ವರ್ಷ ನಿಜವನ್ನೇ ಹೇಳಿದೆ. ಹದಿಮೂರನೆಯ ವರ್ಷ ಮೂರು ತಿಂಗಳ ಕಾಲ ನನ್ನ ಬಾಯಿಂದ ಸುಳ್ಳು ಬಂತು. ಅದನ್ನು ತಡೆಯುವ ಶಕ್ತಿ ನನಗಿರಲಿಲ್ಲ.

ನಾನು ಮಕ್ಕಳನ್ನು ತೂಗುವ ಸ್ಪ್ರಿಂಗ್ ತಕ್ಕಡಿ. ಗಡಿಯಾರದಂಥ ದುಂಡು ಮುಖ, ಒಂದೇ ಮುಳ್ಳು. ಕೆಳಗಿನ ಕೊಕ್ಕೆಗೆ ಒಂದು ಬಟ್ಟೆಯ ಚೀಲ. ಮಗುವಿನ ಕಾಲು ತೂರಿಸಲು ಅದರಲ್ಲಿ ಎರಡು ಕಿಂಡಿ. ಇಪ್ಪತ್ತೈದು ಕಿಲೋವರೆಗೆ ತೂಗಬಲ್ಲೆ. ನೂರು ಗ್ರಾಂಗಿಂತ ಚಿಕ್ಕ ಗೆರೆ ನನ್ನಲ್ಲಿಲ್ಲ. ಕಾರ್ಖಾನೆಯಲ್ಲಿ ಹಿತ್ತಾಳೆಯ ತೂಕಗಳನ್ನು ಒಂದೊಂದಾಗಿ ನೇತುಹಾಕಿ ನನ್ನನ್ನು ಪರೀಕ್ಷಿಸಿದರು. ಅಂದು ಕಲಿತ ವಿದ್ಯೆ ಒಂದೇ: ಎಷ್ಟು ಭಾರ ಬಿತ್ತೋ ಅಷ್ಟು ತೋರಿಸುವುದು.

ಅಂಗನವಾಡಿಯ ತಗಡಿನ ಮಾಡಿಗೆ ನನ್ನನ್ನು ತೂಗುಹಾಕುವ ಕೊಂಡಿ ಇರಲಿಲ್ಲ. ಹೀಗಾಗಿ ಪ್ರತಿ ತಿಂಗಳ ಮೊದಲ ಸೋಮವಾರ ಅಂಗಳದ ಬೇವಿನ ಮರದ ಟೊಂಗೆಗೆ ನನ್ನನ್ನು ಕಟ್ಟುತ್ತಿದ್ದರು. ಚೀಲದಲ್ಲಿ ಕೂತ ಮಕ್ಕಳು ಮೊದಲು ಅಳುತ್ತಿದ್ದವು. ಆಮೇಲೆ ತಲೆಯೆತ್ತಿದರೆ ಎಲೆಗಳ ನಡುವೆ ಅಲುಗುವ ಬೆಳಕು, ಟೊಂಗೆಯ ಮೇಲೆ ಬಾಲ ಕುಣಿಸುವ ಅಳಿಲು. ಅಳು ಅಲ್ಲಿಗೇ ನಿಲ್ಲುತ್ತಿತ್ತು. ಕೈ ಚಾಚುತ್ತಿದ್ದವು, ಕಾಲು ಬಡಿಯುತ್ತಿದ್ದವು. ಮುಳ್ಳು ಒಂದೆಡೆ ನಿಲ್ಲದೆ ಕುಣಿಯುತ್ತಿತ್ತು. ಟೀಚರ್ ಮಹಾನಂದಾ ಪೆನ್ಸಿಲ್ ಹಿಡಿದು, ಅದು ಶಾಂತವಾಗುವವರೆಗೆ ಕಾಯುತ್ತಿದ್ದರು. ಮಗುವಿನ ತೂಕ ಅವರ ಬೆಳವಣಿಗೆಯ ಪಟದಲ್ಲಿ ಒಂದು ಚುಕ್ಕೆಯಾಗುತ್ತಿತ್ತು. ಹಸಿರು ಪಟ್ಟಿಗೆ ಬಿದ್ದರೆ ಸಮಾಧಾನ, ಹಳದಿಗೆ ಬಿದ್ದರೆ ಎಚ್ಚರ, ಕೆಂಪಿಗೆ ಬಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಹದಿನಾಲ್ಕು ದಿನದ ಆರೈಕೆ.

ಹನ್ನೊಂದನೆಯ ವರ್ಷದಲ್ಲಿ ಒಂದು ಗಂಡುಮಗು ಕೆಂಪಿಗೆ ಬಿತ್ತು. ಸಂತೆಯಲ್ಲಿ ಕಾಯಿಪಲ್ಯೆ ಮಾರುವ ಫಕೀರವ್ವನ ಮೊಮ್ಮಗ, ಬಸು. ಮನೆಯವರು ಇಂದು ನಾಳೆ ಎನ್ನುತ್ತ ಮೂರು ವಾರ ಕಳೆದರು. ಅಷ್ಟರಲ್ಲಿ ಮಗುವಿಗೆ ವಾಂತಿಭೇದಿ ಹಿಡಿದಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋದ ಮೂರನೆಯ ದಿನ ಬರಿಗೈಯಲ್ಲಿ ತಿರುಗಿ ಬಂದರು. ತಡವಾದದ್ದು ಫಕೀರವ್ವನ ನೆನಪಿನಲ್ಲಿ ಉಳಿಯಲಿಲ್ಲ. ಕೆಂಪು ಬಣ್ಣವೂ ಆಸ್ಪತ್ರೆಯ ಬಾಗಿಲೂ ಉಳಿದವು. ಅಂಗನವಾಡಿಯ ಮುಂದೆ ಹಾಯುವಾಗಲೆಲ್ಲ ಅವಳು ನನ್ನನ್ನು ನೋಡಿ, ಈ ಮುಳ್ಳೇ ನನ್ನ ಕೂಸನ್ನು ನುಂಗಿತು ಎನ್ನುತ್ತಿದ್ದಳು. ನಾನು ಇದ್ದ ತೂಕವನ್ನು ಹೇಳಿದ್ದೆ; ಒಂದು ಗ್ರಾಂ ಕೂಡಿಸುವುದು ನನ್ನ ಕೈಯಲ್ಲಿರಲಿಲ್ಲ.

ಮುಂದೆ ಅದೇ ಮನೆಯಲ್ಲಿ ಹೆಣ್ಣುಮಗು ಹುಟ್ಟಿತು. ಹೆಸರು ನೀಲಮ್ಮ. ಮಗುವಿಗೆ ವರ್ಷ ತುಂಬುವವರೆಗೂ ಫಕೀರವ್ವ ಅದನ್ನು ನನ್ನ ಹತ್ತಿರ ಸುಳಿಯಗೊಡಲಿಲ್ಲ. ಮಹಾನಂದಾ ಮನೆಗೆ ಮೇಲಿಂದ ಮೇಲೆ ಹೋಗಿ ಹೇಳಿದ ಮೇಲೆ, ಜನವರಿಯಲ್ಲಿ ಅತ್ತೆ ಸೊಸೆ ಇಬ್ಬರೂ ಬಂದರು. ಮಗುವಿಗೆ ತಲೆಯಿಂದ ಬೆನ್ನಿನವರೆಗೆ ಇಳಿಬಿದ್ದ, ಮಣಿ ಪೋಣಿಸಿದ ಕುಂಚಿಗೆ ತೊಡಿಸಿದ್ದರು. ಅದನ್ನು ತೆಗೆಯಿರಿ ಎಂದರೆ, ದೃಷ್ಟಿಯಾಗುತ್ತದೆ ಎಂದು ಅಜ್ಜಿ ಒಪ್ಪಲಿಲ್ಲ. ಜನವರಿ: ಆರು ಕಿಲೋ ಎಂಟುನೂರು. ಫೆಬ್ರವರಿ: ಆರು ಕಿಲೋ ಎಂಟುನೂರು. ಮಾರ್ಚ್: ಆರು ಕಿಲೋ ಎಂಟುನೂರು. ಮೂರು ಚುಕ್ಕೆಗಳೂ ಹಳದಿಯ ಅಂಚಿನಲ್ಲಿ, ಕೆಂಪಿಗಿಂತ ಕೂದಲೆಳೆಯಷ್ಟು ಮೇಲೆ.

ಏನೋ ತಪ್ಪಾಗಿದೆ ಎಂದು ನನಗೆ ತಿಳಿದಿತ್ತು. ಬೇರೆ ಮಕ್ಕಳು ಕೂತಾಗ ಕುಣಿಯುವ ಮುಳ್ಳು, ನೀಲಮ್ಮ ಕೂತೊಡನೆ ಗೋಡೆಗೆ ಹೊಡೆದ ಮೊಳೆಯಂತೆ ನಿಲ್ಲುತ್ತಿತ್ತು. ಆದರೆ ಭಾರದಲ್ಲಿ ಮಗುವಿನದೆಷ್ಟು, ಬೇರೆಯದೆಷ್ಟು ಎಂದು ಬೇರ್ಪಡಿಸುವ ವಿದ್ಯೆ ನನಗೆ ಯಾರೂ ಕಲಿಸಿರಲಿಲ್ಲ. ಕಲಿಸಿದ್ದರೂ ಹೇಳಲು ನನಗೆ ಅಂಕಿಗಳಲ್ಲದೆ ಬೇರೆ ಮಾತಿಲ್ಲ. ಮಗು ನನ್ನ ಕೆಳಗೆ ಕರಗುತ್ತಿತ್ತು. ನಾನು ಎಲ್ಲರೆದುರು ಆರು ಕಿಲೋ ಎಂಟುನೂರು ಎಂದು ಸಾಕ್ಷಿ ಹೇಳುತ್ತಿದ್ದೆ.

ಮಾರ್ಚ್‌ನ ಆ ಸೋಮವಾರ ಮಹಾನಂದಾ ಅಂಕಿ ಬರೆದುಕೊಂಡರೂ ಪೆನ್ಸಿಲ್ ಕೆಳಗಿಡಲಿಲ್ಲ. ಮಗುವಿನ ಮೂಗಿನ ಮೇಲಿಂದ ಎಂಬಂತೆ ಅಳಿಲೊಂದು ಟೊಂಗೆ ದಾಟಿ ಹೋಗಿತ್ತು. ನೀಲಮ್ಮನ ಕಣ್ಣು ಅದರ ಹಿಂದೆ ಹೋಗಲಿಲ್ಲ. ಟೀಚರ್ ಟೊಂಗೆ ಅಲುಗಿಸಿದರು. ಎಲೆ ಉದುರಿ ಮಗುವಿನ ಕೆನ್ನೆಗೆ ತಾಗಿತು. ಆಗಲೂ ಇಲ್ಲ.

ಅವರು ಮೊದಲು ಶಂಕಿಸಿದ್ದು ನನ್ನನ್ನು. ಮಗುವನ್ನು ಇಳಿಸಿ, ಐದು ಕಿಲೋದ ಹೊಸ ಅಕ್ಕಿ ಪೊಟ್ಟಣವನ್ನು ಚೀಲದಲ್ಲಿಟ್ಟರು. ನಾನು ಸರಿಯಾಗಿ ಐದು ತೋರಿಸಿದೆ. ಬಳಿಕ ಅವರು ನೀಲಮ್ಮನನ್ನು ಎತ್ತಿಕೊಂಡು, ಅವಳ ರಟ್ಟೆಯನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿದರು. ಬೆರಳುಗಳು ಸಲೀಸಾಗಿ ಕೂಡಿದವು. ಮಗುವಿನ ಬೆನ್ನ ಹಿಂದೆ ಕುಂಚಿಗೆಯ ಮಡಿಕೆಯಲ್ಲಿ ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದಾಯಿತು.

ಹೊಲಿಗೆ ಬಿಚ್ಚಿದಾಗ ಐದುನೂರು ಗ್ರಾಂನದೊಂದು, ಇನ್ನೂರರದೊಂದು ತೂಕದ ಕಲ್ಲು ಹೊರಬಂದವು. ಫಕೀರವ್ವ ಪ್ರತಿ ತಿಂಗಳು ಮನೆಯಲ್ಲಿ ತನ್ನ ಪಲ್ಯೆಯ ತಕ್ಕಡಿಯಲ್ಲಿ ಮೊಮ್ಮಗಳನ್ನು ತೂಗಿ, ಆರು ಕಿಲೋ ಎಂಟುನೂರಕ್ಕೆ ಕಡಿಮೆ ಬಿದ್ದಷ್ಟನ್ನು ಕುಂಚಿಗೆಗೆ ಹೊಲಿದು ತರುತ್ತಿದ್ದಳು. ಮಗು ನೂರು ಗ್ರಾಂ ಇಳಿದಾಗ ಕುಂಚಿಗೆ ನೂರು ಗ್ರಾಂ ಏರುತ್ತಿತ್ತು.

ನೆರೆದ ತಾಯಂದಿರು ಮುಖ ಮುಖ ನೋಡಿಕೊಂಡರು. ಮಹಾನಂದಾ ಬೈಯಲಿಲ್ಲ. ಉಳಿದವರನ್ನೆಲ್ಲ ಒಳಗೆ ಕಳಿಸಿ, ಮರದ ಬುಡದಲ್ಲಿ ಮುದುಕಿಯ ಪಕ್ಕ ಕೂತರು. ಫಕೀರವ್ವನೇ ಮೊದಲು ಬಾಯಿಬಿಟ್ಟಳು.

"ಮಂದಿಗೆ ದಿನಾ ತೂಕದ ಮ್ಯಾಲ ಕೊಸರು ಹಾಕೇ ಕೊಡತೀನ್ರೀ ಅಕ್ಕಾರ. ನನ್ನ ಕೂಸಿಗೂ ಒಂದೀಟು ಹಾಕಿದೆ. ಕೆಂಪಕ್ಕ ಬಿದ್ರ ನೀವು ಒಯ್ಯತೀರಿ."

"ಆಯಿ, ನಿಮ್ಮ ಕಲ್ಲು ನನ್ನ ಪಟಾ ತುಂಬಿತು. ಕೂಸಿನ ಹೊಟ್ಟಿ ತುಂಬಲಿಲ್ಲ," ಎಂದರು ಮಹಾನಂದಾ. ಬಸುವಿಗೆ ಆದದ್ದು ಆಸ್ಪತ್ರೆಗೆ ಹೋದದ್ದರಿಂದಲ್ಲ, ಮೂರು ವಾರ ತಡವಾದದ್ದರಿಂದ ಎಂದು ದಿನಗಳನ್ನು ಎಣಿಸಿ ಹೇಳಿದರು. ಈಗಾಗಲೇ ಮೂರು ತಿಂಗಳು ಹೋಗಿವೆ ಎಂದೂ ಹೇಳಿದರು.

ಅಲ್ಲಿಯವರೆಗೆ ನೆಲ ಗೀರುತ್ತ ನಿಂತಿದ್ದ ಸೊಸೆ ಶೈಲಾ ಮುಂದೆ ಬಂದಳು. ಬಸು ಹೋದ ಮೇಲೆ ಅತ್ತೆ ಸೊಸೆ ಒಬ್ಬರ ಮೇಲೊಬ್ಬರು ತಪ್ಪು ಹೊರಿಸಿ, ಬೇಕಾದಷ್ಟೇ ಮಾತಾಡುತ್ತಿದ್ದರೆಂದು ಊರಿಗೆಲ್ಲ ಗೊತ್ತಿತ್ತು. ಅವಳು ಅತ್ತೆಯ ಮಡಿಲಿನಿಂದ ಮಗುವನ್ನು ಎತ್ತಿಕೊಂಡಳು.

"ನಾ ಇವತ್ತ ಹೋಗತೀನ್ರೀ ಅತ್ತಿ. ನೀವೂ ಬರ್ರಿ. ಒಬ್ಬಾಕಿಗೆ ನನಗ ಅಂಜಿಕಿ ಬರತೈತಿ."

ಫಕೀರವ್ವ ಸೊಸೆಯ ಮುಖವನ್ನೇ ನೋಡಿದಳು. ಆಮೇಲೆ ಕಲ್ಲುಗಳನ್ನು ಅಲ್ಲೇ ಬಿಟ್ಟು ಎದ್ದಳು. ಮಧ್ಯಾಹ್ನದ ಬಸ್ಸಿಗೆ ಮೂವರೂ ಹೋದರು, ಜೊತೆಗೆ ಮಹಾನಂದಾ. ನಾನು ಟೊಂಗೆಯಲ್ಲಿ ಖಾಲಿ ಚೀಲದೊಂದಿಗೆ ತೂಗಾಡುತ್ತಿದ್ದೆ.

ಏಪ್ರಿಲ್‌ನಲ್ಲಿ, ನೆಲದ ಮೇಲಿಟ್ಟು ತೂಗುವ ಹೊಸ ಯಂತ್ರ ಬಂತು. ನನ್ನನ್ನು ಕಪಾಟಿನ ಮೇಲೆ, ಹಳೆಯ ರಿಜಿಸ್ಟರುಗಳ ಪಕ್ಕ ಇಟ್ಟರು. ತಗಡಿನ ಮಾಡಿನ ಬಿಸಿಗೆ ನನ್ನ ಹಳೆಯ ಸ್ಪ್ರಿಂಗ್ ಸಡಿಲಾಯಿತು. ಅಲ್ಲಿ ಕೂತು ದಿನ ಎಣಿಸಿದೆ. ಆಸ್ಪತ್ರೆಯ ಹದಿನಾಲ್ಕು ಎಂದೋ ಮುಗಿದಿದ್ದವು; ಮೂವತ್ತು ಮುಗಿದವು, ನಲವತ್ತು ಮುಗಿದವು. ಅವರು ಮರಳಿ ಬಂದರೇ? ಬಂದರೂ, ಬಂದವರು ಎಷ್ಟು ಜನ? ಮೇಲಿದ್ದ ನನಗೆ ಬಾಗಿಲು ಕಾಣುತ್ತಿರಲಿಲ್ಲ.

ಮೇ ತಿಂಗಳ ಮೊದಲ ಸೋಮವಾರ ಫಕೀರವ್ವನ ದನಿ ಕೇಳಿತು. ಹೊಸ ಯಂತ್ರ ತನಗೆ ಬೇಡ, ಹಳೆಯದನ್ನು ಇಳಿಸಿರಿ ಎನ್ನುತ್ತಿದ್ದಳು. ಅದು ಕೆಟ್ಟಿದೆ ಎಂದು ಮಹಾನಂದಾ ಹೇಳಿದರು.

"ಸುಳ್ಳು ನುಡಿಸಿದ್ದು ಅದರ ಬಾಯಿಲೆ. ಖರೇನೂ ಅದರ ಬಾಯಿಲೇ ಬರಲಿ," ಎಂದಳು ಮುದುಕಿ.

ನನ್ನನ್ನು ಮತ್ತೆ ಬೇವಿಗೆ ಕಟ್ಟಿದರು. ಖಾಲಿಯಿದ್ದಾಗಲೇ ನನ್ನ ಮುಳ್ಳು ಇನ್ನೂರು ಗ್ರಾಂ ತೋರಿಸಿತು. ಮಹಾನಂದಾ ಅದನ್ನು ಮೊದಲು ಬರೆದುಕೊಂಡರು. ಫಕೀರವ್ವ ತನ್ನ ಕೈಯಾರೆ ಮಗುವಿನ ಅಂಗಿ ತೆಗೆದಳು, ಕಾಲ್ಗಡಗ ತೆಗೆದಳು, ಕೊರಳಿನ ತಾಯಿತ ತೆಗೆದಳು, ಕೊನೆಗೆ ಉಡುದಾರವನ್ನೂ ಬಿಚ್ಚಿ ಸೊಸೆಯ ಕೈಗಿತ್ತಳು. ಬರಿಮೈಯ ಮಗುವನ್ನು ಚೀಲದಲ್ಲಿ ಕೂರಿಸಿ ಎರಡು ಹೆಜ್ಜೆ ಹಿಂದೆ ಸರಿದು, ಎಲ್ಲರಿಗೂ ಕೇಳುವಂತೆ ಓದಿರಿ ಎಂದಳು.

ಮುಳ್ಳು ತೋರಿಸಿದ್ದು ಏಳು ಕಿಲೋ ಆರುನೂರು. ಸ್ಪ್ರಿಂಗಿನ ದೋಷ ಇನ್ನೂರನ್ನು ಕಳೆದರೆ, ನೀಲಮ್ಮನ ತೂಕ ಏಳು ಕಿಲೋ ನಾನೂರು ಗ್ರಾಂ.