ದೇವರ ಖೋಲಿಯ ಬಲ್ಬು

ಕಸ್ತೂರಿಬಾಯಿಗೆ ಆ ಬಲ್ಬಿನ ಮೇಲೆ ಇದ್ದಷ್ಟು ಸಿಟ್ಟು ಒಂದು ಕಾಲಕ್ಕೆ ಅತ್ತೆಯ ಮೇಲೂ ಇರಲಿಲ್ಲ. ಅತ್ತೆ ಬಯ್ಯುವಾಗ ನಡುವೆ ಉಸಿರಾದರೂ ತೆಗೆದುಕೊಳ್ಳುತ್ತಿದ್ದಳು. ಈ ಹಾಳಾದ್ದು ನಿಮಿಷಕ್ಕೊಮ್ಮೆ ಕಾಡುತ್ತಿತ್ತು.

ತಂದವರು ಬೇರೆ ಯಾರೂ ಅಲ್ಲ, ಗಂಡ ಮಲ್ಲಣ್ಣ ಮಾಸ್ತರರು. ಕರಜಗಿಯ ಶಾಲೆಯಿಂದ ನಿವೃತ್ತರಾಗಿ ಅಫಜಲಪುರದ ಮನೆಯಲ್ಲಿ ಕೂತ ಮೇಲೆ, ಉರಿಯುವ ದೀಪ ಆರಿಸುತ್ತ ಓಡಾಡುವುದೇ ಅವರ ಉದ್ಯೋಗವಾಗಿತ್ತು. ಒಂದು ದಿನ ಕಲಬುರಗಿಗೆ ಹೋಗಿ ಚೀಲದ ತುಂಬ ಎಲ್‌ಇಡಿ ಬಲ್ಬು ತಂದರು. ಅಂಗಳದ ದೀಪಕ್ಕೆ ಟೈಮರ್: ಸಂಜೆ ಏಳಕ್ಕೆ ಹತ್ತಿ ಹತ್ತಕ್ಕೆ ತಾನೇ ಆರುತ್ತದೆ. ಬಚ್ಚಲಿಗೆ, ಪಡಸಾಲೆಗೆ, ದೇವರ ಖೋಲಿಗೆ ಸೆನ್ಸರ್: ಮನುಷ್ಯ ಅಲುಗಾಡಿದರೆ ಹತ್ತುತ್ತದೆ, ಒಂದು ನಿಮಿಷ ಅಲುಗಾಡದಿದ್ದರೆ ಆರುತ್ತದೆ.

ಎಡವಟ್ಟಾದದ್ದೇ ಅಲ್ಲಿ. ಬಚ್ಚಲಲ್ಲಿ ಯಾರೂ ಸುಮ್ಮನೆ ಕೂರುವುದಿಲ್ಲ. ದೇವರ ಖೋಲಿಯಲ್ಲಿ ಮಾಸ್ತರರು ಮಾಡುವುದೇ ಅದು. ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು, ಅದರ ಮೇಲೆ ಹೊಳೆಯುವ ಬೆಳಕಿನ ಚುಕ್ಕಿಯಲ್ಲಿ ದೃಷ್ಟಿ ನೆಟ್ಟು ಇಪ್ಪತ್ತು ನಿಮಿಷ ಕದಲದೆ ಕೂರಬೇಕು. ಕಿಟಕಿಯಿಲ್ಲದ ಕಲ್ಲುಗೋಡೆಯ ಖೋಲಿ. ನಿಮಿಷ ಕಳೆದರೆ ಟಪ್ಪೆಂದು ಕತ್ತಲೆ, ಚುಕ್ಕಿ ಮಾಯ. ದೃಷ್ಟಿ ಮುರಿದರೆ ಮಾಸ್ತರರು ಮತ್ತೆ ಮೊದಲಿನಿಂದ ಶುರು ಮಾಡುವವರು.

ಪೂಜೆ ಉದ್ದವಾದರೆ ಆಗಲಿ ಅನ್ನಬಹುದಿತ್ತು. ಆದರೆ ಅವರಿಗೆ ಸಕ್ಕರೆ ಕಾಯಿಲೆ. ಮುಂಜಾನೆ ಆರೂವರೆಗೆ ಇನ್ಸುಲಿನ್ ಸೂಜಿ, ಅರ್ಧ ತಾಸಿನೊಳಗೆ ಹೊಟ್ಟೆಗೆ ಏನಾದರೂ ಬೀಳಲೇಬೇಕು ಎಂದು ಡಾಕ್ಟರು ಕಸ್ತೂರಿಬಾಯಿಯನ್ನೇ ಕರೆದು ಹೇಳಿದ್ದರು. ಲಿಂಗಪೂಜೆ ಮುಗಿಯದೆ ಮಾಸ್ತರರ ಬಾಯಿಗೆ ತೊಟ್ಟು ನೀರೂ ಹೋಗದು. ಸೂಜಿ ಮಾತ್ರ ನಡೆಯುತ್ತಿತ್ತು, ಅದು ಬಾಯಿಂದ ಹೋಗುವುದಲ್ಲವಲ್ಲ!

ಹೀಗಾಗಿ ಒಂದು ರೊಟ್ಟಿ ಬಡಿ, ಓಡು, ದೇವರ ಖೋಲಿಯ ಬಾಗಿಲಲ್ಲಿ ಕೈ ಬೀಸು, ತಿರುಗಿ ಓಡಿ ಬಾ. ಎರಡು ತಿಂಗಳಿಂದ ಇದೇ ಅವಳ ಪಾಡು. ತಡವಾದರೆ ಒಳಗಿಂದ ಮಾಸ್ತರರ "ಹ್ಞೂಂ" ಎಂಬ ಗಂಟಲು.

"ಹಳೇ ಬಲ್ಬ್ ಹಾಕ್ರಿ ಅಂತೇನಿ."

"ಓಣಿ ಮಂದಿಗೆಲ್ಲಾ ಹೇಳೇನಿ, ನಮ್ಮನ್ಯಾಗ ಎಲ್ಲಾ ಸೆನ್ಸರ್ ಅಂತ. ಈಗ ತಗದ್ರ ಏನಂದಾರು?"

"ಹಂಗಾರ ಎಣ್ಣಿ ದೀಪದಾಗ ನೋಡ್ರಿ."

"ಕಣ್ಣಿನ ಆಪರೇಶನ್ ಆದವನಿಗೆ ಅದರಾಗ ಚುಕ್ಕಿ ಎಲ್ಲಿ ಕಾಣ್ತದ?"

ಮೊನ್ನೆ ಹಾಲು ಕೊಡಲು ಬಂದ ಪಕ್ಕದ ಮನೆಯ ಕರೀಮುನ್ನಿಸಾ ಬಾಗಿಲಲ್ಲಿ ನಿಂತು ಎಲ್ಲ ನೋಡಿದಳು.

"ಏನ್ ಅಕ್ಕಾ, ದಿನಾ ಬಲ್ಬಿಗಿ ಸಲಾಮ್ ಹೊಡ್ಯಾಕತ್ತಿ ಏನು?"

"ಸಲಾಮ್ ಅಲ್ಲವಾ, ಚಾಕರಿ!" ಎಂದ ಕಸ್ತೂರಿಬಾಯಿಗೆ ಮೈಯೆಲ್ಲ ಉರಿಯಿತು. ಕರೀಮುನ್ನಿಸಾ ಹೋದದ್ದೇ ತಡ, ಗಂಡನ ಎದುರು ನಿಂತು, "ನಾಳಿಂದ ನಾ ಕೈ ಬೀಸಂಗಿಲ್ಲ. ಏನರೆ ಮಾಡ್ಕೋರಿ!" ಎಂದುಬಿಟ್ಟಳು. ಮಾಸ್ತರರು ಪೇಪರಿನ ಹಾಳೆ ಮಗುಚಿದರು.

ಮರುದಿನ ಸೂಜಿ ಚುಚ್ಚಿಕೊಂಡು ಅವರು ಪೂಜೆಗೆ ಕೂತರು. ಬೆಳಕು ಆರಿತು. "ಹ್ಞೂಂ." ಕಸ್ತೂರಿಬಾಯಿ ರೊಟ್ಟಿಯನ್ನು ಇನ್ನಷ್ಟು ಜೋರಾಗಿ ಬಡಿದಳು. ಒಳಗೆ ಮಣೆ ಸರಿದ ಸದ್ದು, ಬೆಳಕು ಹತ್ತಿತು, ಸ್ವಲ್ಪ ಹೊತ್ತಿಗೆ ಮತ್ತೆ ಆರಿತು. "ಹ್ಞೂಂ, ಹ್ಞೂಂ!" ಅವಳು ಏಳಲಿಲ್ಲ. ಹೀಗೇ ಹತ್ತಿಪ್ಪತ್ತು ಸಲ ಆಯಿತು. ಆಮೇಲೆ ಗಂಟಲಿನ ಸದ್ದು ನಿಂತಿತು, ಹೊಸ್ತಿಲ ಮೇಲೆ ಬೆಳಕು ಹಾಗೇ ಬಿದ್ದುಕೊಂಡಿತ್ತು. ಆಹಾ, ಮನಸ್ಸು ಮಾಡಿದರೆ ಎಲ್ಲ ಬರುತ್ತದೆ ಈ ಗಂಡಸಿಗೆ! ಎರಡು ತಿಂಗಳಲ್ಲಿ ಮೊದಲ ಸಲ ನೆಮ್ಮದಿಯಿಂದ ನಾಲ್ಕು ರೊಟ್ಟಿ ಬೇಯಿಸಿದಳು. ಐದನೆಯದನ್ನು ಹಂಚಿಗೆ ಹಾಕಿ ಗಡಿಯಾರ ನೋಡಿದರೆ ಏಳೂವರೆ.

"ಅಯ್ಯ ಶಿವನೇ, ಸೂಜಿ ಹಾಕಿ ಒಂದ್ ತಾಸಾತು!"

ಓಡಿ ಬಂದಳು. ಮಾಸ್ತರರು ಕೂತೇ ಇದ್ದರು. ಹಣೆಯ ವಿಭೂತಿ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿದಿತ್ತು. ಲಿಂಗ ಹಿಡಿದ ಕೈ ಗಡಗಡ ನಡುಗುತ್ತಿತ್ತು. ಬೆಳಕು ಆರದೆ ಉಳಿದದ್ದು ಅದಕ್ಕೆ. ಅವರು ಅವಳನ್ನು ನೋಡಿದರು, ಗುರುತು ಹಿಡಿದಂತೆ ಕಾಣಲಿಲ್ಲ.

ಬೆಲ್ಲದ ಡಬ್ಬಿ ತಂದು, ಹಿಟ್ಟಿನ ಕೈಯಲ್ಲೇ ಒಂದು ತುಣುಕು ಮುರಿದು ಬಾಯಿಗೆ ಹಿಡಿದಳು. ಅವರು ತುಟಿ ಬಿಗಿದರು.

"ಪೂಜಿ..."

"ಪೂಜಿ ಪಾಪ ನನ್ನ ತಲಿ ಮ್ಯಾಲ ಇರ್ಲಿ, ಬಾಯಿ ತಗೀರಿ!"

ಬಾಯಿ ತೆರೆಯಿತು. ಒಂದು ತುಣುಕು, ಇನ್ನೊಂದು, ಮತ್ತೊಂದು. ಲಿಂಗ ಬೀಳದಂತೆ ಅವರ ಅಂಗೈಯ ಕೆಳಗೆ ತನ್ನ ಎರಡೂ ಕೈ ಒಡ್ಡಿ ಕೂತಳು. ಹಂಚಿನ ಮೇಲೆ ರೊಟ್ಟಿ ಸೀದ ವಾಸನೆ ಬಂತು. ನನ್ನ ಹಟಕ್ಕಿಷ್ಟು ಬೆಂಕಿ ಹಾಕ ಎಂದು ತನ್ನನ್ನೇ ಬೈದುಕೊಂಡಳು. ಕೈಯೊಳಗಿನ ಕೈ ನಡುಗುತ್ತಲೇ ಇತ್ತು. ಬಹಳ ಹೊತ್ತಿನ ಮೇಲೆ ನಡುಕ ಬೆರಳ ತುದಿಗೆ ಬಂತು, ಆಮೇಲೆ ಅದೂ ನಿಂತಿತು. ಅವಳು ಉಸಿರು ಬಿಗಿಹಿಡಿದು ಕೂತೇ ಇದ್ದಳು.

ಟಪ್ಪೆಂದು ಬೆಳಕು ಆರಿತು.

"ಕಸ್ತೂರಿ," ಕತ್ತಲಲ್ಲಿ ಮಾಸ್ತರರ ದನಿ ಮೆಲ್ಲಗೆ ಬಂತು, "ಬೆಳಕು ಹೋತು ನೋಡು."

"ಹೋಗ್ಲಿ ಬಿಡ್ರಿ," ಎಂದಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. "ಇನ್ನೊಂದೀಟು ಹೊತ್ತು ಹಂಗ ಕೂಡ್ರಿ. ಅಲುಗಾಡಬ್ಯಾಡ್ರಿ."